ಕವಚವೂ ಖಾತೆಯೂ

ಕಳೆದ ತಿಂಗಳು ನಮ್ಮ ಸಂಘದ ಕೂಟದಲ್ಲಿ ತರುಣ ಮಿತ್ರರೊಬ್ಬರು ‘ಹೊಸ ಕಾಲದ ಹೊಸ ವೀರ’ ಎಂಬ ಪ್ರಬಂಧವನ್ನು ಓದಿದರು. ಶೈಲಿ ಲಲಿತವಾಗಿತ್ತು, ಕಂಠ ಗಂಭೀರವಾಗಿತ್ತು. ಸಭಿಕರು ಸಂತೋಷದಿಂದ ಕರತಾಡನ ಮಾಡಿದರು. ನಾನೂ ಮಾಡಿದೆನು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ಪ್ರಬಂಧದ ತಿರುಳನ್ನು ಮೆಲುಕು ಹಾಕುತ್ತ ಹೋದಂತೆ, ಕೈತಟ್ಟಿದ್ದು ತಪ್ಪಾಯಿತೆಂಬ ಭಾವನೆಯು ಬಲವಾಗುತ್ತ ಬಂದಿತು. ಆ ತಪ್ಪಿನ ಪ್ರಾಯಶ್ಚಿತ್ತವೇ ಈ ಲೇಖನವೆಂದು ವಾಚಕರು ತಿಳಿಯಬೇಕು. ಮಿತ್ರರ ಮೇಲೆ ನನಗೆ ಆದರವುಂಟು. ಅವರ ಮತವನ್ನು ಮಾತ್ರ ಒಪ್ಪಲಾರೆನು.

ಅವರ ಮತವನ್ನು ಮೊದಲು ನ್ಯಾಯವಾಗಿ ಹೇಳುವೆನು. ರಾಜರು ಹೋದರು, ದಂಡನಾಯಕರು ಹೋದರು. ಜನರ ಅನ್ನವನ್ನೂ ಲೋಕದ ಸಂಪತ್ತನ್ನೂ ಆಳುವವರು ಈಗ ದೊಡ್ಡ ಕಂಪೆನಿಗಳ ಒಡೆಯರು. ಆದುದರಿಂದ ಈ ಕಾಲದ ಪುರಾಣಪುರುಷನೂ ಕಂಪೆನಿಯ ಒಡೆಯನಾಗಿರುವುದು ಸಹಜ. ಅಮೆರಿಕದವರು ‘ಸೂಪರ್‌ಹೀರೋ’ ಎಂದು ಕರೆಯುವ ಅತಿಮಾನುಷ ವೀರರಲ್ಲಿ ಜನಪ್ರಿಯರಾದ ಇಬ್ಬರು, ಐರನ್ ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್, ಇಂಥ ಧನಿಕರೇ ಆಗಿರುವರು. ತಮ್ಮ ಕಂಪೆನಿಯಲ್ಲಿ ಅನ್ಯಾಯ ನಡೆದಾಗ ಅವರು ನ್ಯಾಯಾಲಯದ ಬಾಗಿಲನ್ನು ಕಾಯುತ್ತ ಕುಳಿತಿರುವುದಿಲ್ಲ. ತಾವೇ ಕವಚವನ್ನು ತೊಟ್ಟು ಅನ್ಯಾಯವನ್ನು ಅಳಿಸುವರು. ಇಂಥ ಕಥೆಗಳು ನಮ್ಮ ಯುವಕರಲ್ಲಿ ಸಾಹಸವನ್ನೂ ಉದ್ಯಮಶೀಲತೆಯನ್ನೂ ಧರ್ಮಬುದ್ಧಿಯನ್ನೂ ಏಕಕಾಲದಲ್ಲಿ ಬೆಳೆಸುವುವು. ಕನ್ನಡದಲ್ಲಿಯೂ ಅಂಥ ಧನಿಕವೀರನನ್ನು ಸೃಷ್ಟಿಸಬೇಕು. ಇದು ಪೂರ್ವಪಕ್ಷ.

ಇದನ್ನು ಖಂಡಿಸಹೊರಟ ನಾನು ಚಿತ್ರಕಥೆಗಳನ್ನು ಕಂಡರೆ ಮೂಗುಮುರಿಯುವವನೆಂದು ಯಾರೂ ಭಾವಿಸಬಾರದು. ಪುಷ್ಪಕವಿಮಾನದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವನಿಗೆ ಕವಚ ತೊಟ್ಟು ಹಾರುವವನು ಅಸಹಜನಾಗಿ ಕಾಣುವುದಿಲ್ಲ. ಮೊಮ್ಮಕ್ಕಳ ಸಂಗಡ ಕುಳಿತು ಈ ಚಲಚ್ಚಿತ್ರಗಳನ್ನು ನೋಡಿ ನಾನೂ ನಲಿದಿದ್ದೇನೆ. ನನ್ನ ಜಗಳವಿರುವುದು ಹಾರಾಟದೊಡನೆ ಅಲ್ಲ. ಹಾರಾಟದ ಗದ್ದಲದಲ್ಲಿ ಮೆಲ್ಲನೆ ಮುಚ್ಚಿಹೋಗುವ ಖಾತೆಪುಸ್ತಕದ ವಿಷಯದಲ್ಲಿ.

ಕಥೆಯನ್ನೇ ನೋಡೋಣ. ಐರನ್ ಮ್ಯಾನ್ ಹುಟ್ಟಿದ್ದು ೧೯೬೩ರಲ್ಲಿ, ‘ಟೇಲ್ಸ್ ಆಫ್ ಸಸ್ಪೆನ್ಸ್’ ಎಂಬ ಚಿತ್ರಕಥಾಪತ್ರಿಕೆಯ ೩೯ನೆಯ ಸಂಚಿಕೆಯಲ್ಲಿ. ಅವನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟ್ಯಾನ್ ಲೀ ಅವರು, ಯುದ್ಧವನ್ನು ದ್ವೇಷಿಸುತ್ತಿದ್ದ ಆ ಕಾಲದ ತರುಣರು ಆಯುಧ ಮಾರುವ ಕೋಟ್ಯಧೀಶನೊಬ್ಬನನ್ನು ಮೆಚ್ಚುವಂತೆ ಮಾಡುವೆನೆಂದು ತಾವು ಪಣತೊಟ್ಟಿದ್ದಾಗಿ ಮುಂದೆ ಹೇಳಿಕೊಂಡಿದ್ದರು. ಪಣವನ್ನು ಅವರು ಗೆದ್ದರೆಂಬುದರಲ್ಲಿ ಸಂದೇಹವಿಲ್ಲ. ಹೇಗೆ ಗೆದ್ದರೆಂಬುದೇ ವಿಚಾರಣೀಯವಾದದ್ದು.

೨೦೦೮ರಲ್ಲಿ ತೆರೆಗೆ ಬಂದ ಚಲಚ್ಚಿತ್ರದಲ್ಲಿ ಟೋನಿ ಸ್ಟಾರ್ಕ್ ಎಂಬ ಈ ನಾಯಕನು ತಂದೆಯಿಂದ ಬಂದ ಆಯುಧ ಕಂಪೆನಿಯ ಒಡೆಯ. ಅಫ್ಘಾನಿಸ್ತಾನದಲ್ಲಿ ಬಂಡುಕೋರರ ಸೆರೆಗೆ ಬಿದ್ದಾಗ, ಅವರ ಕೈಯಲ್ಲಿರುವುದು ತನ್ನ ಕಂಪೆನಿಯ ಆಯುಧಗಳೇ ಎಂದು ಅವನು ಕಾಣುವನು. ತಪ್ಪಿಸಿಕೊಂಡು ಬಂದು, ಇನ್ನು ಆಯುಧಗಳ ತಯಾರಿಕೆಯಿಲ್ಲವೆಂದು ಪತ್ರಿಕಾಕರ್ತರ ಮುಂದೆ ಘೋಷಿಸುವನು. ಈ ಪಶ್ಚಾತ್ತಾಪವು ಉದಾತ್ತವಾದದ್ದು. ನಾನು ಅದನ್ನು ಹಳಿಯುವುದಿಲ್ಲ. ಬಳಿಕ ತಿಳಿಯುವುದೇನೆಂದರೆ, ತಂದೆಯ ಕಾಲದಿಂದ ಕಂಪೆನಿಯಲ್ಲಿದ್ದ ಒಬದಾಯಾ ಸ್ಟೇನ್ ಎಂಬ ಪಾಲುಗಾರನೇ ಕಳ್ಳದಾರಿಯಲ್ಲಿ ಎರಡು ಪಕ್ಷಗಳಿಗೂ ಆಯುಧಗಳನ್ನು ಮಾರುತ್ತಿದ್ದನು. ಸ್ಟಾರ್ಕನನ್ನು ಕೊಲ್ಲಿಸಲು ಹಣ ಕೊಟ್ಟವನೂ ಅವನೇ. ನಾಯಕನ ಕಾರ್ಯದರ್ಶಿನಿಯು ಕಛೇರಿಯ ಗಣಕಯಂತ್ರದಿಂದ ಇದರ ದಾಖಲೆಗಳನ್ನು ಪ್ರಾಣಭಯವನ್ನು ಲೆಕ್ಕಿಸದೆ ನಕಲು ಮಾಡಿ ತರುವಳು.

ಇಲ್ಲಿಗೆ ಹಗರಣದ ಪುರಾವೆ ಕೈಗೆ ಸಿಕ್ಕಿತು. ಇನ್ನು ಏನಾಗಬೇಕು? ಯಾರು ಕೊಂಡರು, ಎಷ್ಟು ಕೊಂಡರು, ಹಣವು ಯಾವ ಖಾತೆಗೆ ಬಂದಿತು, ಯಾರ ರುಜುವಿನಿಂದ ಸರಕು ಹೊರಟಿತು, ಇಷ್ಟು ವರ್ಷ ಲೆಕ್ಕ ನೋಡಿದವರು ಏನನ್ನು ನೋಡಿದರು, ಆ ಆಯುಧಗಳಿಂದ ಮನೆ ಮಠ ಕಳೆದುಕೊಂಡವರಿಗೆ ಪರಿಹಾರವೇನು ಎಂಬ ಪ್ರಶ್ನೆಗಳು ಏಳಬೇಕು. ಒಂದೂ ಏಳುವುದಿಲ್ಲ. ಕವಚಧಾರಿಗಳಿಬ್ಬರೂ ಬೀದಿಯಲ್ಲಿ ಕಾದಾಡುವರು, ದುಷ್ಟನು ಸಾಯುವನು, ಪ್ರೇಕ್ಷಕರು ನಿಟ್ಟುಸಿರು ಬಿಡುವರು. ಮರುದಿನ ಸರ್ಕಾರದ ಗುಪ್ತಾಧಿಕಾರಿಯೊಬ್ಬನು ಬಂದು, ಹೇಳಬೇಕಾದ ಸುಳ್ಳನ್ನು ಬರೆದ ಕಾಗದವನ್ನು ನಾಯಕನ ಕೈಗಿಡುವನು. ಸತ್ತ ಪಾಲುಗಾರನಿಗೆ ವಿಮಾನಾಪಘಾತದ ಕಥೆಯೊಂದು ಸಿದ್ಧವಾಗಿರುವುದು. ಸಭೆಯ ಮುಂದೆ ನಿಂತ ನಾಯಕನು ಆ ಕಾಗದವನ್ನು ಬದಿಗಿಟ್ಟು ಒಂದೇ ಒಂದು ಸತ್ಯವನ್ನು ಹೇಳುವನು: ಕವಚದೊಳಗಿನ ವೀರನು ತಾನೇ ಎಂಬುದನ್ನು!

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎರಡು ಸತ್ಯಗಳು ಅವನ ಬಳಿ ಇದ್ದುವು. ಒಂದು, ತನ್ನ ಕೀರ್ತಿಗೆ ಸಂಬಂಧಿಸಿದ್ದು. ಇನ್ನೊಂದು, ತನ್ನ ಕಂಪೆನಿಯ ಪಾಪಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ಲೋಕಕ್ಕೆ ಸಾರಿದನು. ಎರಡನೆಯದನ್ನು ವಿಮಾನಾಪಘಾತದ ಕಥೆಯಡಿಯಲ್ಲಿ ಹೂಳಿದನು. ನಾವೆಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕಳ್ಳಮಾಲು ಮಾರಿದ ಕಂಪೆನಿಯ ಹಗರಣವು ಒಬ್ಬ ಕೆಟ್ಟ ಮನುಷ್ಯನ ಹೆಣದೊಡನೆ ಸುಟ್ಟುಹೋಯಿತು. ಒಳ್ಳೆಯ ಒಡೆಯನು ಉಳಿದನು. ಖಾತೆಪುಸ್ತಕವನ್ನು ಯಾರೂ ತೆರೆಯಲಿಲ್ಲ. ನಮ್ಮ ಮಿತ್ರರು ಧರ್ಮಬುದ್ಧಿಯನ್ನು ಬೆಳೆಸುವುದೆಂದು ಹೇಳಿದ ಕಥೆಯು ಕಲಿಸುವ ಪಾಠ ಇದು.

ಇನ್ನು ಎರಡನೆಯ ವೀರನಾದ ಬ್ಯಾಟ್‌ಮ್ಯಾನ್. ಇವನು ೧೯೩೯ರಿಂದ ಪ್ರಸಿದ್ಧನು. ನೋಲನ್ ಎಂಬವರು ನಿರ್ದೇಶಿಸಿದ ೨೦೦೫ರ ಚಿತ್ರದಲ್ಲಿ ಇವನ ವಂಶದ ಕಂಪೆನಿಯ ಷೇರುಗಳು ಸಾರ್ವಜನಿಕರಿಗೆ ಮಾರಾಟವಾಗುವುವು. ಅವುಗಳಲ್ಲಿ ಹಿಡಿತಕ್ಕೆ ಸಾಕಾಗುವಷ್ಟನ್ನು ಇವನು ಧರ್ಮದತ್ತಿಗಳ ಮೂಲಕ ಸದ್ದಿಲ್ಲದೆ ಕೊಂಡುಕೊಳ್ಳುವನು. ಅದೇ ನಿರ್ದೇಶಕರ ೨೦೦೮ರ ಚಿತ್ರದಲ್ಲಿ, ಕಂಪೆನಿಯ ಕಾಗದಪತ್ರಗಳನ್ನು ಪರಿಶೀಲಿಸುತ್ತಿದ್ದ ರೀಸ್ ಎಂಬ ನೌಕರನು ಒಂದು ಸಂಗತಿಯನ್ನು ಪತ್ತೆಹಚ್ಚುವನು: ಸಂಶೋಧನೆಯ ಹೆಸರಿನಲ್ಲಿ ಬರೆದ ಹಣವು ನಿಜವಾಗಿ ಒಡೆಯನ ರಾತ್ರಿಸಂಚಾರದ ರಥಕ್ಕೂ ಆಯುಧಗಳಿಗೂ ಹೋಗುತ್ತಿದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಆ ಚಿತ್ರದಲ್ಲಿ ಸತ್ಯವನ್ನು ಕಂಡವನು ಇವನೊಬ್ಬನೇ. ಆದರೆ ಕಥೆಗಾರರು ಇವನನ್ನು ಏನು ಮಾಡಿದರು? ವರ್ಷಕ್ಕೆ ೧ ಕೋಟಿ ಡಾಲರ್ ಬಾಯಿಮುಚ್ಚಿಕೆಯ ಹಣ ಕೇಳುವ ಲೋಭಿಯನ್ನಾಗಿ ಮಾಡಿದರು. ಕಂಪೆನಿಯ ವೃದ್ಧಾಧಿಕಾರಿಯು ಅವನಿಗೆ ಕೊಡುವ ಉತ್ತರದ ಭಾವವು ಇಷ್ಟೆ: ನಿನ್ನ ಒಡೆಯನು ಮಹಾಧನಿಕ, ರಾತ್ರಿಯ ವೇಳೆ ಜನರ ಎಲುಬು ಮುರಿಯುವವನು, ಅವನನ್ನು ಬೆದರಿಸಹೊರಟಿರುವೆಯಾ? ಪ್ರೇಕ್ಷಾಗೃಹವೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನು. ನಕ್ಕದ್ದು ಯಾರನ್ನು ಕುರಿತು? ಲೆಕ್ಕ ಕೇಳಿದವನನ್ನು ಕುರಿತು.

“ಇದು ಕಥೆ, ಇದಕ್ಕೆ ಇಷ್ಟು ವಿಚಾರವೇಕೆ?” ಎಂದು ಕೇಳಬಹುದು. ಏಕೆಂದರೆ, ನಿಜವಾದ ಲೋಕದಲ್ಲಿ ಕಂಪೆನಿಗಳ ಹಗರಣಗಳನ್ನು ಬಯಲಿಗೆಳೆಯುವವರು ಬಹುಮಟ್ಟಿಗೆ ಈ ರೀಸನ ಜಾತಿಯವರು. ಹಗರಣದ ನಡುವೆ ನಿಂತಿರುವವರು ಬಹುಮಟ್ಟಿಗೆ ವೀರರೆಂದು ಮೆರವಣಿಗೆ ಮಾಡಿಸಿಕೊಂಡವರು. ಎರಡು ದೃಷ್ಟಾಂತಗಳನ್ನು ಕೊಡುವೆನು: ಒಂದು ಆ ವೀರರು ಹುಟ್ಟಿದ ಅಮೆರಿಕದ್ದು, ಇನ್ನೊಂದು ನಮ್ಮ ನೆರೆಯದು.

ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದ ಕ್ಲಿಂಟನ್ ಎಂಬ ಊರಿನಲ್ಲಿ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪೆನಿಯಿತ್ತು. ಅದರ ಮುಖ್ಯಾಧಿಕಾರಿ ಬರ್ನಾರ್ಡ್ ಎಬರ್ಸ್ ಮೊದಲು ಆಟದ ತರಬೇತಿ ಕೊಡುತ್ತಿದ್ದವರು, ಬಳಿಕ ವಸತಿಗೃಹಗಳನ್ನು ನಡೆಸಿದವರು. ೧೯೯೮ರಲ್ಲಿ ತಮ್ಮದಕ್ಕಿಂತ ದೊಡ್ಡದಾದ ಎಂಸಿಐ ಕಂಪೆನಿಯನ್ನೇ ನುಂಗಿದವರು. ದೊಡ್ಡ ಬೂಟುಗಳನ್ನು ತೊಟ್ಟು ತಿರುಗುವ ಅವರನ್ನು ಪತ್ರಿಕೆಗಳು ‘ಟೆಲಿಕಾಮ್ ಕೌಬಾಯ್’ ಎಂದು ಕೊಂಡಾಡಿದುವು. ಅದೇ ಕಂಪೆನಿಯ ಒಳಲೆಕ್ಕ ಪರಿಶೋಧನೆಯ ಮುಖ್ಯಸ್ಥೆಯಾಗಿ ಸಿಂಥಿಯಾ ಕೂಪರ್ ಎಂಬ ಮಹಿಳೆ ಇದ್ದರು. ೨೦೦೨ರಲ್ಲಿ ಕೆಲವು ಬರೆಹಗಳು ಅವರ ಕಣ್ಣಿಗೆ ಬಿದ್ದುವು. ಇತರರ ತಂತಿಗಳನ್ನು ಬಳಸಿದ್ದಕ್ಕೆ ತೆತ್ತ ಹಣವನ್ನು ಖರ್ಚೆಂದು ತೋರಿಸದೆ ಆಸ್ತಿಯೆಂದು ಬರೆದಿದ್ದರು. ಬಾಡಿಗೆಯ ಮನೆಯಲ್ಲಿರುವವನು ತಿಂಗಳು ತಿಂಗಳೂ ತೆತ್ತ ಬಾಡಿಗೆಯನ್ನು ‘ಮನೆ ಕೊಂಡದ್ದು’ ಎಂದು ಬರೆದುಕೊಂಡರೆ ಹೇಗೋ ಹಾಗೆ! ಬರೆದಷ್ಟೂ ಶ್ರೀಮಂತಿಕೆ, ತಿಂಗಳ ಕೊನೆಗೆ ಮನೆಯೂ ಇಲ್ಲ, ಹಣವೂ ಇಲ್ಲ.

ಕಂಪೆನಿಯ ಹಣಕಾಸಿನ ಅಧಿಪತಿಯು ಪರಿಶೋಧನೆಯನ್ನು ಮುಂದಕ್ಕೆ ಹಾಕೆಂದು ಆಕೆಗೆ ಹೇಳಿದನು. ಆಕೆ ಮುಂದಕ್ಕೆ ಹಾಕಲಿಲ್ಲ. ತನ್ನ ಸಂಗಡಿಗರೊಡನೆ ರಾತ್ರಿಯ ವೇಳೆ ಕಛೇರಿಯಲ್ಲಿ ಕುಳಿತು ಲೆಕ್ಕದ ಮೇಲೆ ಲೆಕ್ಕ ಬಿಡಿಸಿದರು. ರಾತ್ರಿಸಂಚಾರಿಯಾದ ಬ್ಯಾಟ್‌ಮ್ಯಾನನಂತೆ ಇವರದೂ ಇರುಳಿನ ಕೆಲಸವೇ. ಆದರೆ ಮುಖವಾಡವಿರಲಿಲ್ಲ, ರಥವಿರಲಿಲ್ಲ. ಆ ವರ್ಷದ ಜೂನ್ ೨೫ರಂದು ಕಂಪೆನಿಯು ೩೮೦ ಕೋಟಿ ಡಾಲರುಗಳ ತಪ್ಪು ಬರೆಹವನ್ನು ಒಪ್ಪಿಕೊಳ್ಳಬೇಕಾಯಿತು. ಮುಂದೆ ಆ ಮೊತ್ತವು ಸುಮಾರು ೧,೧೦೦ ಕೋಟಿಗೆ ಏರಿತು. ಜುಲೈ ತಿಂಗಳಲ್ಲಿ ಕಂಪೆನಿ ದಿವಾಳಿಯೆದ್ದಿತು. ೨೦೦೫ರಲ್ಲಿ ಎಬರ್ಸ್ ಅವರಿಗೆ ೨೫ ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಕೂಪರ್ ಅವರ ಕಥೆಯಲ್ಲಿ ಹೊಡೆದಾಟವಿಲ್ಲ. ಆದುದರಿಂದಲೇ ನಮ್ಮ ಮಿತ್ರರ ಪ್ರಬಂಧದಲ್ಲಿ ಅದಕ್ಕೆ ಸ್ಥಳವೂ ಇರಲಿಲ್ಲ.

ಈಗ ನಮ್ಮ ನೆರೆಗೆ ಬರೋಣ. ಹೈದರಾಬಾದಿನ ಸತ್ಯಂ ಕಂಪೆನಿಯನ್ನು ೧೯೮೭ರಲ್ಲಿ ಸ್ಥಾಪಿಸಿದವರು ರಾಮಲಿಂಗ ರಾಜು. ಇಪ್ಪತ್ತು ವರ್ಷಗಳಲ್ಲಿ ಅದು ದೇಶದ ದೊಡ್ಡ ಗಣಕ ಕಂಪೆನಿಗಳಲ್ಲಿ ಒಂದಾಗಿ, ಸುಮಾರು ೫೦ ಸಾವಿರ ಮಂದಿಗೆ ಉದ್ಯೋಗವನ್ನು ಕೊಟ್ಟಿತು. ೨೦೦೭ರಲ್ಲಿ ಅವರಿಗೆ ವರ್ಷದ ಶ್ರೇಷ್ಠ ಉದ್ಯಮಿಯೆಂಬ ಪ್ರಶಸ್ತಿ. ೨೦೦೮ರಲ್ಲಿ, ಅಂದರೆ ಮೇಲೆ ಹೇಳಿದ ಎರಡು ಧನಿಕವೀರರ ಚಿತ್ರಗಳು ತೆರೆಗೆ ಬಂದ ವರ್ಷದಲ್ಲಿಯೇ, ಕಂಪೆನಿಗೆ ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ. ಆ ಬಂಗಾರದ ನವಿಲನ್ನು ಕೊಟ್ಟವರು ಕೆಲವು ತಿಂಗಳಲ್ಲಿಯೇ ಹಿಂದಕ್ಕೆ ಪಡೆಯಬೇಕಾಯಿತು.

೨೦೦೮ರ ಡಿಸೆಂಬರ್ ೧೬ರಂದು ಸತ್ಯಂ ಕಂಪೆನಿಯ ನಿರ್ದೇಶಕ ಮಂಡಳಿಯು, ರಾಜು ಅವರ ಮನೆತನಕ್ಕೆ ಸೇರಿದ ಮೈತಾಸ್ ಎಂಬ ಎರಡು ಕಂಪೆನಿಗಳನ್ನು ಸುಮಾರು ೧೬೦ ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಸತ್ಯಂ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ಮೈತಾಸ್ ಎಂದಾಗುವುದು. ಸತ್ಯವು ತಲೆಕೆಳಗಾದ ಚಿತ್ರವನ್ನು ಯಾವ ಕವಿಯೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರನು. ಮಂಡಳಿಯಲ್ಲಿ ಖ್ಯಾತ ಪ್ರಾಧ್ಯಾಪಕರಿದ್ದರು. ಹಿರಿಯ ಹುದ್ದೆಗಳಲ್ಲಿದ್ದು ನಿವೃತ್ತರಾದವರಿದ್ದರು. ಎಲ್ಲರೂ ಒಕ್ಕೊರಲಿನಿಂದ ಸಮ್ಮತಿಸಿದರು. ಪಾಲುದಾರರು ರೊಚ್ಚಿಗೆದ್ದ ಕಾರಣ ಆ ವ್ಯವಹಾರವು ಕೆಲವೇ ಗಂಟೆಗಳಲ್ಲಿ ರದ್ದಾಯಿತು. ವಿದ್ವಾಂಸರು ಕೇಳದ ಪ್ರಶ್ನೆಯನ್ನು ಹಣ ಹಾಕಿದವರು ಕೇಳಿದರು. ಅಷ್ಟರಿಂದಲೇ ಹಡಗಿನ ತಳದ ತೂತು ಕಾಣಿಸತೊಡಗಿತು.

೨೦೦೯ರ ಜನವರಿ ೭ರಂದು ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಹಿಂದಿನ ಸೆಪ್ಟೆಂಬರ್ ಕೊನೆಯ ಅಢಾವೆ ಪತ್ರಿಕೆಯಲ್ಲಿ ತೋರಿಸಿದ್ದ ೫,೩೬೧ ಕೋಟಿ ರೂಪಾಯಿ ನಗದು ಮತ್ತು ಠೇವಣಿಯಲ್ಲಿ ೫,೦೪೦ ಕೋಟಿ ಇರಲೇ ಇಲ್ಲ! ಆ ಮೂರು ತಿಂಗಳ ಲಾಭವನ್ನು ನೂರಕ್ಕೆ ೨೪ ಎಂದು ತೋರಿಸಿದ್ದರು. ನಿಜವಾಗಿ ಇದ್ದದ್ದು ೩. ಹುಲಿಯ ಮೇಲೆ ಸವಾರಿ ಹೊರಟವನಿಗೆ ಇಳಿಯುವ ದಾರಿ ತೋಚದೆ ಹೋದಂತಾಯಿತೆಂದು ಅವರು ಬರೆದರು. ೨೦೧೫ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯವು ಅವರನ್ನೂ ಇತರ ಒಂಬತ್ತು ಮಂದಿಯನ್ನೂ ಅಪರಾಧಿಗಳೆಂದು ತೀರ್ಮಾನಿಸಿ ಏಳು ವರ್ಷಗಳ ಸೆರೆವಾಸವನ್ನು ವಿಧಿಸಿತು; ಮೇಲ್ಮನವಿಯ ಮೇಲೆ ಮುಂದಿನ ತಿಂಗಳು ಶಿಕ್ಷೆಯು ಅಮಾನತಾಗಿ ಜಾಮೀನು ದೊರೆಯಿತು.

ಇಷ್ಟು ದೊಡ್ಡ ಸುಳ್ಳು ವರ್ಷಗಟ್ಟಲೆ ನಿಂತದ್ದು ಹೇಗೆ? ಇಲ್ಲಿ ಮಾಯಾವಿದ್ಯೆಯೇನೂ ಇಲ್ಲ. ಇಲ್ಲದ ಗಿರಾಕಿ ವ್ಯವಹಾರಕ್ಕೆ ಸುಳ್ಳು ಬಿಲ್ಲುಗಳು, ಇಲ್ಲದ ಠೇವಣಿಗೆ ಸುಳ್ಳು ರಶೀತಿಗಳು. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ತಿಳಿಯಲು ಲೆಕ್ಕಪರಿಶೋಧಕನು ಬ್ಯಾಂಕಿಗೆ ತಾನೇ ಪತ್ರ ಬರೆದು, ಉತ್ತರವನ್ನು ತನ್ನ ಕೈಗೇ ತರಿಸಿಕೊಳ್ಳಬೇಕು. ಇದು ಆ ವೃತ್ತಿಯ ಓನಾಮ. ಆ ಪತ್ರವ್ಯವಹಾರವನ್ನು ಪರಿಶೋಧಕ ಸಂಸ್ಥೆಯವರು ಕಂಪೆನಿಯ ಕೈಗೇ ಬಿಟ್ಟಿದ್ದರೆಂದು ಅಮೆರಿಕದ ಷೇರುಪೇಟೆ ಆಯೋಗವು ೨೦೧೧ರಲ್ಲಿ ಕಂಡುಹೇಳಿತು. ಮನೆಯ ಯಜಮಾನನನ್ನೇ ಸಾಕ್ಷಿಯಾಗಿ ಕರೆದು, “ನಿನ್ನ ಪೆಟ್ಟಿಗೆಯಲ್ಲಿ ಹಣವುಂಟೆ?” ಎಂದು ಕೇಳಿ, “ಉಂಟು” ಎಂದ ಮೇಲೆ ಕೈಮುಗಿದು ಬಂದಂತೆ! ಐದು ಸಾವಿರ ಕೋಟಿಯ ಸುಳ್ಳನ್ನು ಕೊಲ್ಲಲು ಬೇಕಾಗಿದ್ದ ಆಯುಧವು ಒಂದು ಅಂಚೆಚೀಟಿ ಮಾತ್ರ. ಅದನ್ನು ಅಂಟಿಸುವ ಮನಸ್ಸಾಗದಿರಲು ಕಾರಣವೇನು? ಪ್ರಶಸ್ತಿವಿಜೇತನನ್ನು, ಊರಿಗೆ ಅನ್ನವಿಟ್ಟವನನ್ನು ಅನುಮಾನಿಸುವುದು ಅಮರ್ಯಾದೆಯೆಂಬ ಭಾವನೆಯೂ ಒಂದು ಕಾರಣವೆಂದು ನಾನು ದೃಢವಾಗಿ ನಂಬುವೆನು. ವೀರಪೂಜೆಯೇ ನಿಜವಾದ ಕವಚ. ಆ ಕವಚವನ್ನು ತೊಡಿಸುವವರು ನಾವು.

ಇಲ್ಲಿ ಒಂದು ಆಕ್ಷೇಪ ಬರುವುದು: ರಾಜು ಅವರು ಒಳ್ಳೆಯ ಕೆಲಸಗಳನ್ನೂ ಮಾಡಲಿಲ್ಲವೆ? ಮಾಡಿದರು. ೨೦೦೫ರಲ್ಲಿ ಅವರು ಹೈದರಾಬಾದಿನಲ್ಲಿ ಆರಂಭಿಸಿದ ೧೦೮ರ ತುರ್ತು ವಾಹನಸೇವೆಯು ೨೦೦೮ರಲ್ಲಿ ನಮ್ಮ ಕರ್ನಾಟಕಕ್ಕೂ ಬಂದಿತು. ಇಲ್ಲಿ ಅದರ ಹೆಸರು, ಕಾಕತಾಳೀಯವಾಗಿ, ‘ಆರೋಗ್ಯ ಕವಚ’. ಆ ವಾಹನದಲ್ಲಿ ಜೀವ ಉಳಿಸಿಕೊಂಡವರು ನಮ್ಮ ನಡುವೆ ಎಷ್ಟೋ ಮಂದಿ ಇರುವರು. ಆ ಪುಣ್ಯವನ್ನು ನಾನು ಅಲ್ಲಗಳೆಯಲಾರೆನು. ಆದರೆ ಗಮನಿಸಬೇಕು. ಸ್ಥಾಪಕರು ಸೆರೆಮನೆಗೆ ಹೋದ ಮೇಲೂ ಆ ವಾಹನಗಳು ಓಡಿದುವು; ಏಕೆಂದರೆ ಅವುಗಳ ಹಿಂದೆ ಸರ್ಕಾರಗಳ ಹಣವಿತ್ತು, ಕರಾರುಪತ್ರವಿತ್ತು, ಹೊಣೆ ಹೊರಲು ಮುಂದೆ ಬಂದ ಇನ್ನೊಂದು ಸಂಸ್ಥೆಯಿತ್ತು. ಸತ್ಯಂ ಕಂಪೆನಿಯ ನೌಕರರ ಅನ್ನ ಉಳಿದದ್ದೂ ಹಾಗೆಯೇ: ಸರ್ಕಾರವು ಹಳೆಯ ಮಂಡಳಿಯನ್ನು ಕಿತ್ತು ಹೊಸದನ್ನು ನೇಮಿಸಿತು, ಮೂರು ತಿಂಗಳಲ್ಲಿ ಬಹಿರಂಗ ಹರಾಜಿನ ಮೂಲಕ ಅದು ಟೆಕ್ ಮಹೀಂದ್ರದ ಪಾಲಾಯಿತು. ಒಳ್ಳೆಯದು ಉಳಿದದ್ದು ವೀರನಿಂದಲ್ಲ, ವೀರನಿಲ್ಲದೆಯೂ ನಡೆಯಬಲ್ಲ ಏರ್ಪಾಟಿನಿಂದ. ಅಲ್ಲದೆ, ದಾನದ ಪುಣ್ಯವನ್ನು ಲೆಕ್ಕದ ಪಾಪಕ್ಕೆ ವಜಾ ಹಾಕುವ ಕಿರ್ದಿಯು ಚಿತ್ರಗುಪ್ತನ ಬಳಿಯೂ ಇಲ್ಲ.

ಎರಡನೆಯ ಆಕ್ಷೇಪ: ಚಿತ್ರಕಥೆಯನ್ನು ನೋಡಿ ಯಾರು ವ್ಯವಹಾರ ಮಾಡುವರು? ಮಾಡುವರು. ಐರನ್ ಮ್ಯಾನ್‌ನ ೨೦೧೦ರ ಎರಡನೆಯ ಚಿತ್ರದಲ್ಲಿ ಟೆಸ್ಲಾ ಕಂಪೆನಿಯ ಇಲಾನ್ ಮಸ್ಕ್ ತಮ್ಮದೇ ಹೆಸರಿನಲ್ಲಿ ಕ್ಷಣಕಾಲ ಕಾಣಿಸಿಕೊಂಡರು. ಅಂದಿನಿಂದ ಅವರನ್ನು ನಿಜಜೀವನದ ಟೋನಿ ಸ್ಟಾರ್ಕ್ ಎಂದು ಕರೆಯುವುದು ವಾಡಿಕೆಯಾಯಿತು. ೨೦೧೮ರ ಆಗಸ್ಟಿನಲ್ಲಿ ಅವರು, ಕಂಪೆನಿಯ ಷೇರುಗಳನ್ನು ಒಂದಕ್ಕೆ ೪೨೦ ಡಾಲರಿನಂತೆ ಕೊಂಡು ಪೇಟೆಯಿಂದ ಹೊರತರುವ ಆಲೋಚನೆಯಿದೆ, ಹಣ ಸಿದ್ಧವಾಗಿದೆ ಎಂದು ಪ್ರಕಟಿಸಿದರು. ಇದು ಜನರನ್ನು ದಾರಿತಪ್ಪಿಸುವ ಮಾತೆಂದು ಷೇರುಪೇಟೆ ಆಯೋಗವು ಮೊಕದ್ದಮೆ ಹೂಡಿತು. ಆಪಾದನೆಯನ್ನು ಒಪ್ಪದೆಯೂ ನಿರಾಕರಿಸದೆಯೂ ಅವರು ೨ ಕೋಟಿ ಡಾಲರ್ ತೆತ್ತರು, ಕಂಪೆನಿಯೂ ಅಷ್ಟೇ ತೆತ್ತಿತು. ಮೂರು ವರ್ಷಕಾಲ ಅಧ್ಯಕ್ಷಸ್ಥಾನವನ್ನು ಬಿಡಲು ಅವರು ಒಪ್ಪಿದರು. ಪಾಲುದಾರರು ಹೂಡಿದ ಬೇರೊಂದು ದಾವೆಯಲ್ಲಿ ೨೦೨೩ರಲ್ಲಿ ಪಂಚರು ಅವರ ಪರವಾಗಿ ತೀರ್ಮಾನ ಕೊಟ್ಟರೆಂಬುದನ್ನೂ ಹೇಳುವುದು ನ್ಯಾಯ. ತಪ್ಪು ಯಾರದೆಂಬುದು ನನ್ನ ವಿಷಯವಲ್ಲ. ಅವರ ಅಭಿಮಾನಿಗಳಲ್ಲಿ ಅನೇಕರ ಕಣ್ಣಿಗೆ ಪ್ರಶ್ನೆ ಕೇಳಿದ ಆಯೋಗವೇ ಖಳನಾಯಕನಾಗಿ ಕಂಡಿತಲ್ಲವೆ? ಅದೇ ನನ್ನ ವಿಷಯ. ತೆರೆಯ ಮೇಲೆ ರೀಸನನ್ನು ನೋಡಿ ನಕ್ಕವರು ಬೀದಿಗೆ ಬಂದು ಆಯೋಗವನ್ನು ಬಯ್ದರು.

ಇನ್ನು ನಮ್ಮ ಸಾಹಿತ್ಯದ ಮಾತು. ಧನಿಕವೀರನನ್ನು ಕನ್ನಡಕ್ಕೆ ತರಬೇಕೆಂದು ಮಿತ್ರರು ಹಂಬಲಿಸಿದರು. ಕನ್ನಡದಲ್ಲಿ ಇರುವ ವೀರನನ್ನು ಅವರು ಮರೆತಿರುವರು. ರಾಘವಾಂಕನ ಹರಿಶ್ಚಂದ್ರನು ಸುಡುಗಾಡನ್ನು ಕಾಯುತ್ತಿರುವಾಗ ಅವನ ಹೆಂಡತಿಯೇ ಅವನ ಮಗನ ಹೆಣವನ್ನು ಹೊತ್ತು ತರುವಳು. ಸುಂಕ ಕೊಡದೆ ಸುಡಕೂಡದೆಂದು ಅವನು ತಡೆಯುವನು. ಬಾಲ್ಯದಲ್ಲಿ ಇದನ್ನು ಓದಿ, ಎಂಥ ಕಲ್ಲೆದೆಯವನೆಂದು ನಾನು ಅತ್ತಿದ್ದೆನು. ಈಗ ತಿಳಿಯುವುದು: ಆ ಸುಂಕ ಅವನದಲ್ಲ, ಒಡೆಯನದು. ತನ್ನದಾಗಿದ್ದರೆ ರಾಜ್ಯವನ್ನೇ ಬಿಟ್ಟುಕೊಟ್ಟವನು ಇದನ್ನು ಬಿಡುತ್ತಿರಲಿಲ್ಲವೆ? ಪರರ ಹಣವನ್ನು ಕಾಯುವವನಿಗೆ ಉದಾರನಾಗುವ ಅಧಿಕಾರವೂ ಇಲ್ಲ. ಇದು ಹರಿಶ್ಚಂದ್ರನ ಕಥೆಯ ಮರ್ಮ. ಪಾಲುದಾರರ ಹಣದಿಂದ ತನ್ನ ರಾತ್ರಿರಥವನ್ನು ಕಟ್ಟಿಕೊಂಡ ವೀರನನ್ನು ಈ ಸುಡುಗಾಡಿನ ಕಾವಲುಗಾರನ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಕವಚದ ಮಾತೇ ಬೇಕಾದರೆ, ಕರ್ಣನುಂಟು. ಅವನು ಕೀರ್ತಿವಂತನಾದದ್ದು ಕವಚವನ್ನು ತೊಟ್ಟು ಅಲ್ಲ. ಮೈಯಿಂದ ಸುಲಿದು ಕೊಟ್ಟು.

ಕೊನೆಯದಾಗಿ ನನ್ನ ಸ್ವಂತದ ಒಂದು ಮಾತು. ಇದನ್ನು ಹೇಳಲು ನಾಚಿಕೆಯಾಗುವುದು. ಆದರೆ ಹೇಳದಿದ್ದರೆ ಮೇಲಿನ ಪಾಂಡಿತ್ಯವೆಲ್ಲ ಪರೋ‌ಪದೇಶವಾಗುವುದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ೧೯೦೫ರಲ್ಲಿ ಹುಟ್ಟಿದ್ದು ಗದಗಿನ ಬಳಿಯ ಕಣಗಿನಹಾಳದಲ್ಲಿ. ಸಹಕಾರವೆಂದರೆ ನಮ್ಮವರಿಗೆ ಅಭಿಮಾನದ ವಿಷಯ. ನಮ್ಮ ಊರಿನಲ್ಲಿಯೂ ಒಂದು ಪತ್ತಿನ ಸಂಘವಿತ್ತು. ಅದರ ಅಧ್ಯಕ್ಷರು ದೇವರಂಥ ಮನುಷ್ಯರೆಂದು ಹೆಸರಾಗಿದ್ದರು. ಜಾತ್ರೆಯ ಅನ್ನದಾನ ಅವರದು, ಶಾಲೆಯ ಮಕ್ಕಳಿಗೆ ಪುಸ್ತಕ ಅವರದು. ಒಂದು ವರ್ಷ ಸರ್ವಸದಸ್ಯರ ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದು, “ಲೆಕ್ಕಪರಿಶೋಧನೆಯ ವರದಿಯನ್ನು ನಮಗೇಕೆ ಹಂಚಿಲ್ಲ ಸ್ವಾಮಿ?” ಎಂದು ಕೇಳಿದರು. ಸಭೆಯಲ್ಲಿ ಕೋಲಾಹಲವಾಯಿತು. “ಕೂತುಕೊಳ್ಳಿ ಮೇಷ್ಟ್ರೇ, ಯಾರ ಮೇಲೆ ಅನುಮಾನ ಪಡ್ತೀರಿ?” ಎಂದು ಹಿಂದಿನ ಸಾಲಿನಿಂದ ಕೂಗಿದವರಲ್ಲಿ ನಾನೂ ಒಬ್ಬನು. ಅಧ್ಯಕ್ಷರು ಕೈಯೆತ್ತಿ ನಮ್ಮನ್ನು ಸಮಾಧಾನಪಡಿಸಿ ಮುಗುಳ್ನಕ್ಕರು. ಮೇಷ್ಟ್ರು ಕುಳಿತರು.

ಎರಡು ವರ್ಷಗಳ ಬಳಿಕ ಸಂಘದ ಬಾಗಿಲಿಗೆ ಬೀಗ ಬಿದ್ದಿತು. ನನ್ನ ತಂಗಿಯು ಮಗಳ ಮದುವೆಗೆಂದು ಕೂಡಿಟ್ಟ ಠೇವಣಿಯೂ ಅದರೊಳಗೆ ಉಳಿಯಿತು. ಬೀಗದ ಮುಂದೆ ಸೇರಿದ ಗುಂಪಿನಲ್ಲಿ ಮೇಷ್ಟ್ರೂ ಇದ್ದರು. ಅವರ ಪಿಂಚಣಿಯ ಹಣವೂ ಅಲ್ಲಿಯೇ ಇತ್ತು. “ಆ ದಿನ ನೀವು ಕೇಳಿದ್ದು ಸರಿ” ಎಂದು ನಾನು ಹೇಳಹೋದೆನು. ಅವರು ನನ್ನ ಮುಖವನ್ನು ನೋಡಿ, “ಇನ್ನೊಂದು ಸಲ ಕೇಳಬೇಕಾಗಿತ್ತಪ್ಪಾ, ನಾನು ಕೂತದ್ದೇ ತಪ್ಪು” ಎಂದರು. ಕೂರಿಸಿದ ನಾನು ಅಲ್ಲಿಯೇ ನಿಂತಿದ್ದೆನು.

ಆದಕಾರಣ ತರುಣ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಹೊಸ ಕಾಲದ ವೀರನನ್ನು ಅವಶ್ಯವಾಗಿ ಸೃಷ್ಟಿಸಿರಿ. ಆದರೆ ಅವನನ್ನು ವೇದಿಕೆಯ ಮೇಲಿನ ಎತ್ತರದ ಕುರ್ಚಿಯಲ್ಲಿ ಹುಡುಕಬೇಡಿರಿ. ಸಭೆಯ ನಡುವಿನಿಂದ ಎದ್ದು ಪ್ರಶ್ನೆ ಕೇಳಿದವನಲ್ಲಿ, ರಾತ್ರಿ ದೀಪ ಹಚ್ಚಿಕೊಂಡು ಬಿಲ್ಲುಗಳನ್ನು ತಾಳೆನೋಡಿದವಳಲ್ಲಿ ಹುಡುಕಿರಿ. ಅವರ ಕಥೆಯಲ್ಲಿ ಭಯವುಂಟು, ಏಕಾಕಿತನವುಂಟು, ನೆರೆಹೊರೆಯವರ ನಿಷ್ಠುರವುಂಟು. ಕಾವ್ಯಕ್ಕೆ ಇನ್ನೇನು ಬೇಕು? ಕಾನೂನು ತನ್ನ ಕೆಲಸವನ್ನು ಅಷ್ಟಿಷ್ಟು ಮಾಡಿದೆ. ಸತ್ಯಂ ಹಗರಣದ ಅನುಭವದ ಮೇಲೆ ಬಂದ ೨೦೧೩ರ ಕಂಪೆನಿ ಕಾಯಿದೆಯು ದೊಡ್ಡ ಕಂಪೆನಿಗಳ ಪರಿಶೋಧಕರನ್ನು ಅವಧಿಗೊಮ್ಮೆ ಬದಲಿಸಬೇಕೆಂದು ವಿಧಿಸಿದೆ. ಪರಿಶೋಧಕರ ಮೇಲೆಯೇ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರವೊಂದು ೨೦೧೮ರಲ್ಲಿ ಸ್ಥಾಪಿತವಾಗಿದೆ. ಆದರೆ ಲೆಕ್ಕ ಕೇಳುವವನನ್ನು ಗೌರವಿಸಬೇಕೆಂಬ ಕಾಯಿದೆಯನ್ನು ಯಾವ ಸರ್ಕಾರವೂ ಮಾಡಲಾರದು. ಅದನ್ನು ಸಾಹಿತ್ಯವೇ ಮಾಡಬೇಕು.

ಪರರಿಗೆ ಹೇಳುವ ಮೊದಲು ಮನೆಯಿಂದಲೇ ಆರಂಭಿಸೋಣ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಜಮಾಖರ್ಚನ್ನು ಓದುವುದು ಯಾವಾಗಲೂ ಕೊನೆಯಲ್ಲಿ, ಸದಸ್ಯರು ಉಪಾಹಾರಕ್ಕೆಂದು ಅರ್ಧ ಎದ್ದಿರುವಾಗ. ನಮ್ಮ ಕೋಶಾಧ್ಯಕ್ಷರು ಪ್ರಾಮಾಣಿಕರೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ, ಅದಕ್ಕಾಗಿಯೇ ಹೇಳುವೆನು. ಈ ವರ್ಷ ಜಮಾಖರ್ಚನ್ನು ಪ್ರಾರ್ಥನೆಯಾದ ಕೂಡಲೆ, ಭಾಷಣಗಳಿಗೆ ಮೊದಲೇ ಓದಲಿ. ಯಾರಾದರೂ ಪ್ರಶ್ನೆ ಕೇಳಿದರೆ ನಾವು ಯಾರೂ ಕೂಗದಿರೋಣ. ಯಾರೂ ಕೇಳದಿದ್ದರೆ, ಹಿಂದಿನ ಸಾಲಿನಿಂದ ನಾನೇ ಎದ್ದು ಕೇಳುವೆನು.